ಕಿವಿಗೆ ಬಂದ ಕಸುಬಿನ ಪಾಠ

ನಮ್ಮ ಹೊಸೂರಿನಿಂದ ಬೆಂಗಳೂರಿನ ಕಚೇರಿಗಳಿಗೆ ದಿನವೂ ಹೋಗಿಬರುವವರು ಅನೇಕರು. ಅವರಲ್ಲಿ ಕೆಲವರ ಕೆಲಸಕ್ಕೆ ‘ಷೇರ್ಡ್ ಸರ್ವೀಸಸ್’ ಎಂದು ಹೆಸರು. ಹತ್ತು ಊರುಗಳಲ್ಲಿ ಶಾಖೆಗಳುಳ್ಳ ದೊಡ್ಡ ಸಂಸ್ಥೆಯು, ಪ್ರತಿ ಶಾಖೆಗೂ ಬೇರೆಬೇರೆ ಗುಮಾಸ್ತರನ್ನಿಡದೆ, ಸಂಬಳದ ಪಟ್ಟಿ, ಖರೀದಿ, ಲೆಕ್ಕಪತ್ರಗಳನ್ನೆಲ್ಲ ಒಂದೇ ಕಡೆ ನಡೆಸುವ ಏರ್ಪಾಡು ಇದು.

ಈ ಕಸುಬಿನವರಿಗಾಗಿಯೇ ಈಗ ‘ಪಾಡ್‌ಕ್ಯಾಸ್ಟ್’ಗಳು ಹೊರಟಿವೆ. ಬಲ್ಲವರ ಸಂಭಾಷಣೆಯನ್ನು ಧ್ವನಿಮುದ್ರಿಸಿ ಕಂತುಕಂತಾಗಿ ಅಂತರ್ಜಾಲದಲ್ಲಿಡುತ್ತಾರೆ. ಬಿಡುವಾದಾಗ, ಬಸ್ಸಿನಲ್ಲಿಯೂ ಕೇಳಬಹುದು. ಈ ಹೆಸರು ಹುಟ್ಟಿದುದು 2004ರಲ್ಲಿ. ಆದರೆ ಧ್ವನಿಯಿಂದ ವಿದ್ಯೆಯನ್ನು ಹರಡುವುದು ಕನ್ನಡಿಗರಿಗೆ ಹೊಸತಲ್ಲ: ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು.

ಪಾಡ್‌ಕ್ಯಾಸ್ಟನ್ನು ಆರಂಭಿಸಲು ಬೇಕಾದುದು ಒಂದು ಮೈಕು, ನಿಶ್ಶಬ್ದವಾದ ಕೋಣೆ, ಕೇಳುಗರ ತೊಡಕನ್ನರಿತ ಪ್ರಶ್ನೆಗಳು, ತಪ್ಪದ ವಾಯಿದೆ. ಕಚೇರಿಯ ಗುಟ್ಟು ಮಾತ್ರ ಹೊರಬೀಳಬಾರದು; ಸಂಸ್ಥೆಯ ಅಪ್ಪಣೆ ಮೊದಲೇ ಬೇಕು.

ಇವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆಯೆಂದು ನಮ್ಮ ವಿದ್ಯಾರ್ಥಿಗಳು ಅಂಜಬೇಕಾಗಿಲ್ಲ. ಲೆಕ್ಕದ ತಿರುಳನ್ನು ಕನ್ನಡದಲ್ಲಿ ಚೆನ್ನಾಗಿ ಅರಿತವರಿಗೆ ಇಂಗ್ಲಿಷಿನ ಹೆಸರುಗಳು ಕೇಳಿಕೇಳಿ ರೂಢಿಯಾಗುವುವು. ಹಾಗೆ ಕಲಿತವರು ಮುಂದೆ ಆ ಕೆಲಸದ ಬಗೆಯನ್ನು ಕನ್ನಡದಲ್ಲಿಯೂ ಹೇಳಲಿ. ಮಗಳ ಉದ್ಯೋಗವೇನೆಂಬುದು ತಾಯಿಗೂ ತಿಳಿಯಲಿ ಎಂದು ನಾವು ಹಾರೈಸುತ್ತೇವೆ.