ಎರಡನೆಯ ಮಾಸ್ತರ

ಹೊರದೇಶಕ್ಕೆ ಹೋಗಿಬಂದವರ ಬರವಣಿಗೆಗೆ ಕನ್ನಡದಲ್ಲಿ ಕೊರತೆಯಿಲ್ಲ. ನಮ್ಮ ಗೋಕಾಕದ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ವಿನಾಯಕ ಕೃಷ್ಣ ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಓದಿ, 'ಸಮುದ್ರದಾಚೆಯಿಂದ' ಎಂಬ ಪುಸ್ತಕವನ್ನು ಕೊಟ್ಟರು. ಆದರೆ ಇಂಥ ಬರಹಗಳಲ್ಲಿ ಹೋಗುವವರು ಸಾಮಾನ್ಯವಾಗಿ ವಿದ್ಯಾರ್ಥಿಗಳು, ವಿದ್ವಾಂಸರು, ಇಲ್ಲವೆ ಪ್ರವಾಸಿಗಳು. ಇನ್ನೊಬ್ಬರ ವರ್ಗದಲ್ಲಿ, ಇನ್ನೊಬ್ಬರ ಪಕ್ಕದಲ್ಲಿ, ತನ್ನದಲ್ಲದ ಭಾಷೆಯೊಂದನ್ನು ಕಲಿಸಲು ನಿಂತವನ ಪಾಡು ತುಸು ಬೇರೆ. ಅವನು ಅತಿಥಿಯೂ ಅಲ್ಲ, ಯಜಮಾನನೂ ಅಲ್ಲ. ಅವನು ಎರಡನೆಯ ಮಾಸ್ತರ.

ನಾನು ಹುಟ್ಟಿದ್ದು ಮೂಡಲಗಿಯಲ್ಲಿ, ಓದಿದ್ದು ಗೋಕಾಕದಲ್ಲಿ, ಇಂಗ್ಲಿಷು ಕಲಿಸುವ ಕೆಲಸ ಹಿಡಿದದ್ದು ಹುಕ್ಕೇರಿಯಲ್ಲಿ. ಈ ಮೂರು ಊರುಗಳ ಆಚೆ ಹೆಚ್ಚು ಓಡಾಡದಿದ್ದವನು ಎರಡು ವರ್ಷದ ಮಟ್ಟಿಗೆ ಜಪಾನಿನ ನೀಗಾತ ಪ್ರಾಂತದ ಸಣ್ಣದೊಂದು ಊರಿಗೆ ಸಹಾಯಕ ಭಾಷಾಶಿಕ್ಷಕನಾಗಿ ಹೋದೆ. ಜಪಾನು ಇಂಥವರನ್ನು ದೊಡ್ಡ ಪ್ರಮಾಣದಲ್ಲಿ ಕರೆಸತೊಡಗಿದ್ದು 1987ರಲ್ಲಿ. ಆ ವರ್ಷ 'ಜೆಟ್' ಎಂಬ ಯೋಜನೆಯಡಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಂದ 848 ಜನ ಬಂದಿಳಿದರು. ಮುಂದೆ ದೇಶಗಳ ಪಟ್ಟಿ ಬೆಳೆಯಿತು. ಊರೂರಿನ ಶಿಕ್ಷಣ ಮಂಡಲಿಗಳೂ ಖಾಸಗಿ ಕಂಪನಿಗಳೂ ತಾವೇ ಸಹಾಯಕರನ್ನು ನೇಮಿಸಿಕೊಳ್ಳತೊಡಗಿದವು. 2020ರಿಂದ ಐದು, ಆರನೆಯ ಇಯತ್ತೆಗಳಲ್ಲಿಯೂ ಇಂಗ್ಲಿಷು ವಿಧಿವತ್ತಾದ ಪಠ್ಯವಿಷಯವಾದ ಮೇಲೆ ಸಹಾಯಕನ ಕೆಲಸ ಕಿರಿಯ ಮಕ್ಕಳ ನಡುವೆಯೂ ಹೆಚ್ಚಿತು.

ಕೆಲಸವೇನೋ ಹಗುರವಾದದ್ದು. ಪಾಠ ನಡೆಸುವವರು ಜಪಾನೀ ಶಿಕ್ಷಕರು. ಪಕ್ಕದಲ್ಲಿ ನಿಂತು ವಾಕ್ಯವನ್ನು ಸ್ಪಷ್ಟವಾಗಿ ಓದುವುದು, ಮಕ್ಕಳಿಂದ ಹೇಳಿಸುವುದು, ಆಟ ಆಡಿಸುವುದು ಸಹಾಯಕನ ಪಾಲು. ಇಂಥ ನೌಕರಿ ಮಾಡಿದವರು ತಮ್ಮನ್ನು ತಾವೇ 'ಜೀವಂತ ಟೇಪ್ ರೆಕಾರ್ಡರು' ಎಂದು ಹಾಸ್ಯ ಮಾಡಿಕೊಳ್ಳುವುದುಂಟು. ನಮ್ಮ ಕಡೆ ಅರವತ್ತು ಹುಡುಗರ ವರ್ಗವನ್ನು ಒಬ್ಬನೇ ಸಂಭಾಳಿಸಿದವನಿಗೆ ಸುಮ್ಮನೆ ನಿಲ್ಲುವುದೇ ಮೊದಲ ಕಷ್ಟ.

ಎರಡನೆಯ ಕಷ್ಟ ಚಳಿ. ನೀಗಾತದ ಹಿಮ ಆಳೆತ್ತರ ಬೀಳುತ್ತದೆ. ಅಲ್ಲಿನ ಪಟ್ಟಣಗಳಲ್ಲಿ ಬೀದಿಯ ನಡುವೆ ಕೊಳವೆ ಹೂತು, ನೆಲದೊಳಗಿನ ಬೆಚ್ಚನೆಯ ನೀರನ್ನು ಚಿಮ್ಮಿಸಿ ಹಿಮ ಕರಗಿಸುತ್ತಾರೆ. ಆ ನೀರಿನ ಕಬ್ಬಿಣದಂಶದಿಂದ ರಸ್ತೆಗಳೆಲ್ಲ ಕೆಂಪಡರುತ್ತವೆ. ಮಳೆಗಾಲದಲ್ಲಿ ಗೋಕಾಕದ ಜಲಪಾತಕ್ಕೆ ಧುಮುಕುವ ಘಟಪ್ರಭೆಯ ಕೆಂಪು ನೀರು ನನಗೆ ದಿನವೂ ನೆನಪಾಗುತ್ತಿತ್ತು. ಕಸ ಚೆಲ್ಲುವುದಕ್ಕೂ ಅಲ್ಲಿ ಪಂಚಾಂಗವಿದೆ: ಸುಡುವ ಕಸಕ್ಕೆ ಒಂದು ವಾರ, ಪ್ಲಾಸ್ಟಿಕ್ಕಿಗೆ ಒಂದು ವಾರ, ಬಾಟಲಿಗೆ ಮತ್ತೊಂದು. ನೆರೆಮನೆಯ ಅಜ್ಜಿ ಆ ಪಂಚಾಂಗದ ಮೇಲೆ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿ ನನ್ನ ಬಾಗಿಲಿಗೆ ಅಂಟಿಸಿಹೋದಳು.

ಮೂರನೆಯದು ಊಟ, ಅದು ಎಲ್ಲಕ್ಕಿಂತ ದೊಡ್ಡದು. ಮಧ್ಯಾಹ್ನ ಮಕ್ಕಳೇ ಬಿಳಿ ಟೊಪ್ಪಿಗೆ ಧರಿಸಿ ಬಡಿಸುತ್ತಾರೆ. ಶಿಕ್ಷಕರೂ ಮಕ್ಕಳೂ ವರ್ಗದಲ್ಲಿಯೇ ಕುಳಿತು ಒಂದೇ ಅಡಿಗೆ ಉಣ್ಣುತ್ತಾರೆ. ಶಾಕಾಹಾರಿಗೆ ಅಲ್ಲಿ ಕಾಯಿಪಲ್ಯದ ಸಾರನ್ನೂ ನಂಬುವಂತಿಲ್ಲ, ಅದರ ತಳದಲ್ಲಿ ಒಣಮೀನಿನ ರಸವಿರುತ್ತದೆ. ನಾನು ಮನೆಯಿಂದ ಕಟ್ಟಿಕೊಂಡು ಹೋದ ಕಟಕರೊಟ್ಟಿ, ಶೇಂಗಾ ಹಿಂಡಿಗಳನ್ನು ಬಿಚ್ಚಿ, ಅವರು ಬಡಿಸಿದ ಅನ್ನದೊಂದಿಗೆ ಉಂಡೆ. ಬೇರೆ ಡಬ್ಬಿ ತರುವವನು ಬೇರೆಯವನಾಗಿಯೇ ಉಳಿಯುತ್ತಾನೆ ಎಂಬ ಅಳುಕು ಇತ್ತು. ಅದನ್ನು ಕಳೆದದ್ದು ಗೋಕಾಕದ ಕರದಂಟು. ಊರಿಗೆ ಹೋಗಿ ಬಂದವರು ಆ ಊರಿನ ಹೆಸರಾಂತ ತಿನಿಸನ್ನು ಸಹೋದ್ಯೋಗಿಗಳಿಗೆ ತರುವುದು ಜಪಾನಿನಲ್ಲಿ ಬಿಡಲಾಗದ ರೂಢಿ; ಅದಕ್ಕೆ 'ಒಮಿಯಾಗೆ' ಎನ್ನುತ್ತಾರೆ. ಬೆಲ್ಲ, ಅಂಟು, ಒಣಹಣ್ಣುಗಳ ಆ ತುಣುಕುಗಳನ್ನು ಶಿಕ್ಷಕರ ಕೋಣೆಯಲ್ಲಿ ಹಂಚಿದಾಗ ಯಾರೂ 'ಇದು ಇಂಡಿಯಾದ ಸಿಹಿಯೇ?' ಎಂದು ಕೇಳಲಿಲ್ಲ. 'ಇದು ಯಾವ ಊರಿನದು?' ಎಂದು ಕೇಳಿದರು. ಅಂದಿನಿಂದ ನಾನು ಅವರ ಪಾಲಿಗೆ ಒಂದು ದೇಶದವನಾಗಿರದೆ ಒಂದು ಊರಿನವನಾದೆ.

ಆದರೂ ಅಲ್ಲಿ ನಾನು ನಿಜವಾಗಿ ನೆಲೆ ನಿಂತದ್ದು ಭಾಷೆಯಿಂದ. ಅದೂ ನನ್ನನ್ನು ಅಲ್ಲಿಗೆ ಕರೆದೊಯ್ದ ಇಂಗ್ಲಿಷಿನಿಂದಲ್ಲ, ಕನ್ನಡದಿಂದ. ಜಪಾನೀ ಕಲಿಯಲು ಕುಳಿತ ಕೆಲವೇ ದಿನಗಳಲ್ಲಿ ಅದರ ವಾಕ್ಯ ನನಗೆ ಪರಿಚಯದ ಓಣಿಯಂತೆ ಕಂಡಿತು. ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿಗಳು ನಾಮಪದದ ಹಿಂದೆ ಅಂಟುತ್ತವೆ. 'ತಬೆತೆ ಮಿರು' ಎಂದರೆ ಅಕ್ಷರಶಃ 'ತಿಂದು ನೋಡು'. ನಾವು 'ಬರ್ತೇನಿ ಅಂತ ಅಂದ' ಎನ್ನುವಲ್ಲಿ ಅವರು 'ಕುರು ತೊ ಇತ್ತ' ಎನ್ನುತ್ತಾರೆ. ನಮ್ಮ 'ಅಂತ' ಇರುವ ಜಾಗದಲ್ಲಿಯೇ ಅವರ 'ತೊ'. ಜಪಾನೀ ಭಾಷೆಗೂ ತಮಿಳಿಗೂ ನಂಟಿದೆಯೆಂದು ಸುಸುಮು ಓನೊ ಎಂಬ ವಿದ್ವಾಂಸರು ವಾದಿಸಿದ್ದರು. ಬಹುಪಾಲು ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ನಂಟು ಇರಲಿ ಬಿಡಲಿ, ನೆರೆಮನೆಯ ಅಜ್ಜಿಯೊಡನೆ ಮಾತಿಗೆ ನಿಂತವನಿಗೆ ಆ ಹೋಲಿಕೆಯೇ ಸಾಕಾಗಿತ್ತು.

ಉಚ್ಚಾರದಲ್ಲಿಯೂ ಅದೇ ಕಥೆ. ನಮ್ಮ ಹಳ್ಳಿಯ ಹುಡುಗ 'ಕಪ್ಪು', 'ಬಸ್ಸು' ಎನ್ನುತ್ತಾನೆ. ಜಪಾನೀ ಹುಡುಗ 'ಕಪ್ಪು', 'ಬಸು' ಎನ್ನುತ್ತಾನೆ. ನಮ್ಮವನ 'ಇಸ್ಕೂಲು' ಅವನ ಬಾಯಲ್ಲಿ 'ಸುಕೂರು'. ವ್ಯಂಜನದಲ್ಲಿ ಪದ ಮುಗಿಯುವುದು ಇಬ್ಬರ ನಾಲಿಗೆಗೂ ಒಗ್ಗದು. ಸ್ವರವೊಂದನ್ನು ಆಸರೆ ಕೊಡುತ್ತಾರೆ. 'ಎ', 'ದಿ' ಎಂಬ ಇಂಗ್ಲಿಷಿನ ಪದಗಳನ್ನು ಎಲ್ಲಿ ಇಡಬೇಕೆಂದು ಇಬ್ಬರಿಗೂ ತಿಳಿಯದು. ಅಂಥ ಪದಗಳು ಎರಡು ಭಾಷೆಗಳಲ್ಲಿಯೂ ಇಲ್ಲ. 'ರ' 'ಲ'ಗಳನ್ನು ಬೇರ್ಪಡಿಸುವುದು ಅವರಿಗೆ ಎಷ್ಟು ಕಷ್ಟವೋ, ಇಂಗ್ಲಿಷಿನ ಎರಡು ಬಗೆಯ 'ವ'ಕಾರಗಳನ್ನು ಬೇರ್ಪಡಿಸುವುದು ನಮಗೂ ಅಷ್ಟೇ ಕಷ್ಟ.

ಜಪಾನೀ ವರ್ಗದ ದೊಡ್ಡ ಶತ್ರು ಮೌನ. ತಪ್ಪಾದೀತೆಂಬ ಭಯದಿಂದ ಮಕ್ಕಳು ಬಾಯಿ ತೆರೆಯುವುದೇ ಇಲ್ಲ. ಒಂದು ದಿನ ಹುಡುಗಿಯೊಬ್ಬಳು ಕೇಳಿದಳು: 'ಸೆನ್ಸೇ, ನೀವು ಮನೆಯಲ್ಲಿ ಇಂಗ್ಲಿಷು ಮಾತಾಡುತ್ತೀರಾ?' ಇಲ್ಲವೆಂದೆ, ಮನೆಯ ಮಾತು ಕನ್ನಡ, ಇಂಗ್ಲಿಷು ಶುರುವಾದದ್ದು ಐದನೆಯ ಇಯತ್ತೆಯಲ್ಲಿ ಎಂದೆ. 'ಹಾಗಾದರೆ ನೀವೂ ಕಲಿತದ್ದೇ!' ಎಂದಳು. ಆ ಮಾತಿನಲ್ಲಿದ್ದ ಬಿಡುಗಡೆಯನ್ನು ನಾನು ಮರೆಯಲಾರೆ. ಹುಟ್ಟಿನಿಂದಲೇ ಇಂಗ್ಲಿಷು ಬಲ್ಲವನು ಸರಿಯಾದ ಉಚ್ಚಾರವನ್ನು ಕೊಡಬಲ್ಲ; ಆ ಭಾಷೆಯನ್ನು ಹೊರಗಿನಿಂದ ಹತ್ತಿ ಬರಬಹುದು ಎಂಬುದಕ್ಕೆ ಸಾಕ್ಷಿಯಾಗಲಾರ. ಎರಡನೆಯ ಮಾಸ್ತರನಿಗೆ ಅಂದು ಒಂದು ಕೆಲಸ ಸಿಕ್ಕಿತು.

ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ಇಯತ್ತೆಗೇ ಇಂಗ್ಲಿಷು ಬಂದಿದೆ. ಎಂದು ಕಲಿಸಬೇಕೆಂಬ ಚರ್ಚೆ ಇಷ್ಟು ವರ್ಷ ನಡೆಯಿತು. ಕಲಿಯುವ ಮಗುವಿನ ಬಾಯಲ್ಲಿ ಕನ್ನಡದ ಅಚ್ಚು ಮೂಡಿದಾಗ ನಾವು ಏನು ಮಾಡುತ್ತೇವೆ ಎಂಬ ಚರ್ಚೆ ಅಷ್ಟಾಗಿ ನಡೆದಿಲ್ಲ. 'ಇಸ್ಕೂಲು' ಎಂದವನನ್ನು ಕಂಡು ನಗುವುದು ನಮ್ಮಲ್ಲಿ ಇನ್ನೂ ಸಭ್ಯತೆಯೆನಿಸಿದೆ. ನಕ್ಕವರು ಮರೆಯುತ್ತಾರೆ, ಹುಡುಗ ಮುಂದೆಂದೂ ಆ ಭಾಷೆಯಲ್ಲಿ ಬಾಯಿ ತೆರೆಯುವುದಿಲ್ಲ.

ಹುಕ್ಕೇರಿಗೆ ಮರಳಿದ ಮೇಲೆ ನಾನು ಫಲಕದ ಮೇಲೆ ಮೂರು ಸಾಲು ಬರೆಯುತ್ತೇನೆ: ಒಂದು ಕನ್ನಡದ ವಾಕ್ಯ, ಅದರ ಕೆಳಗೆ ಜಪಾನಿನದು, ಅದರ ಕೆಳಗೆ ಇಂಗ್ಲಿಷಿನದು. ಮೊದಲೆರಡು ಒಂದೇ ದಾರಿಯಲ್ಲಿ ಸಾಗುತ್ತವೆ, ಮೂರನೆಯದು ಎದುರುದಾರಿಯಲ್ಲಿ ಬರುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಹಂಗಾರ ತಪ್ಪು ನಮ್ಮದಲ್ಲರೀ ಸರ, ದಾರೀನ ಬ್ಯಾರೆ ಐತಿ' ಎಂದ. ಭಾಷೆ ಕಲಿಸುವವರು ಮೊದಲು ಕಲಿಸಬೇಕಾದದ್ದು ಇದನ್ನೇ ಇರಬೇಕು.