ಹಿರಿಯರ ಸ್ವರ ಸಿಡಿಗೆ ಇಳಿಸುವುದಾದರೆ ಸಾಫ್ಟ್‌ವೇರ್ ಯಾವುದು?

ನಮ್ಮ ಅನೇಕ ಮನೆಗಳ ಕಪಾಟಿನಲ್ಲಿ ಈಗಲೂ ಒಂದು ಕ್ಯಾಸೆಟ್ ಡಬ್ಬ ಇರುತ್ತದೆ. ಫೋನ್ ದುಬಾರಿಯಾಗಿದ್ದ ಕಾಲದಲ್ಲಿ ಗಲ್ಫಿನಿಂದ ಮಾತಾಡಿ ಕಳಿಸಿದ್ದು, ಮದುವೆ ಮನೆಯ ಮೊಯ್ಲಾಂಜಿ ಹಾಡು, ತೀರಿಹೋದ ಉಮ್ಮನ ಸ್ವರ. ನಮ್ಮ ಕರಾವಳಿಯ ಮಳೆಗಾಲಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ಅದಕ್ಕೂ ಮೊದಲು ಅದನ್ನು ಉಳಿಸಿಕೊಳ್ಳಬೇಕು.

ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಒಂದು ವೈರ್ ಕೊಟ್ಟು, ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಪ್ರಶ್ನೆ ಬರುವುದು ಆಮೇಲೆ: ಸಿಡಿ ಬರೆಯಲು ಯಾವ ಸಾಫ್ಟ್‌ವೇರ್?

ಅದಕ್ಕೂ ಮುಂಚೆ, ಕೇಳುವವರು ಯಾರು, ಯಾವುದರಲ್ಲಿ ಕೇಳುತ್ತಾರೆ ಎಂದು ನೋಡೋಣ. ಹಳೆಯ ಸಿಡಿ ಪ್ಲೇಯರ್ ಆದರೆ 'ಆಡಿಯೋ ಸಿಡಿ'ಯೇ ಆಗಬೇಕು. ಅದರಲ್ಲಿ ಹಿಡಿಯುವುದು 80 ನಿಮಿಷ. 60 ನಿಮಿಷದ ಕ್ಯಾಸೆಟ್ ಒಂದು ಸಿಡಿಗೆ ಸಾಕು, 90 ನಿಮಿಷದ್ದಕ್ಕೆ ಎರಡು ಬೇಕು. ಕಂಪ್ಯೂಟರಿನಲ್ಲೋ ಎಂಪಿ3 ಓದುವ ಪ್ಲೇಯರಿನಲ್ಲೋ ಕೇಳುವುದಾದರೆ 'ಡೇಟಾ ಸಿಡಿ' ಮಾಡಬಹುದು. 700 ಎಂಬಿಯಲ್ಲಿ, 128 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 12 ಗಂಟೆಯಷ್ಟು ಕೂರುತ್ತದೆ.

ಇಷ್ಟಕ್ಕೆ ದುಡ್ಡು ಕೊಡಬೇಕಾಗಿಲ್ಲ. ವಿಂಡೋಸಿನಲ್ಲೇ ಡೇಟಾ ಸಿಡಿ ಬರೆಯುವ ವ್ಯವಸ್ಥೆ ಇದೆ, ಅದರ ಹಳೆಯ ಮೀಡಿಯಾ ಪ್ಲೇಯರ್ ಆಡಿಯೋ ಸಿಡಿಯನ್ನೂ ಮಾಡುತ್ತದೆ. ಅದು ಸಾಲದಿದ್ದರೆ ಸಿಡಿಬರ್ನರ್‌ಎಕ್ಸ್‌ಪಿ ಹಾಕಿಕೊಳ್ಳಿ. ಉಚಿತ, ಎರಡೂ ಬಗೆಯ ಸಿಡಿ ಬರೆಯುತ್ತದೆ. ಇಮ್ಜ್‌ಬರ್ನ್ ಕೂಡ ಉಚಿತವೇ, ಆದರೆ ಅದು ಹೆಚ್ಚು ಒದಗುವುದು ಐಎಸ್‌ಒ ಫೈಲ್ ಬರೆಯಲು. ಅದರ ಜೊತೆ ಬೇಡದ ಪ್ರೋಗ್ರಾಮ್‌ಗಳೂ ಸೇರಿ ಬಂದದ್ದುಂಟು, ಹಾಗಾಗಿ ಪ್ರತಿ ಪುಟ ಓದಿಯೇ ಕ್ಲಿಕ್ ಮಾಡಿ. ಲಿನಕ್ಸ್ ಇರುವವರಿಗೆ ಕೆ3ಬಿ, ಬ್ರಸೆರೋ ಇವೆ. ನೀರೋದಲ್ಲಿ ಸಕಲವೂ ಇದೆ, ಆದರೆ ಹಣ ಕೊಡಬೇಕು. ನಾಲ್ಕು ಸಿಡಿಗೋಸ್ಕರ ಅದು ಯಾಕೆ? ಕದ್ದ ಕಾಪಿಯಂತೂ ಬೇಡವೇ ಬೇಡ. ವೈರಸ್ಸಿನ ಭಯ ಒಂದು ಕಡೆ, ಇನ್ನೊಬ್ಬರ ದುಡಿಮೆಯ ಹಕ್ಕು ಇನ್ನೊಂದು ಕಡೆ.

ಯಾವುದನ್ನೇ ಹಾಕಿದರೂ ಮೂರು ವಿಷಯ ಮರೆಯಬಾರದು. ಒಂದು, ವೇಗ. 52ರಲ್ಲಿ ಓಡಿಸುವ ಬದಲು 16ರಲ್ಲಿ ಬರೆಯುವುದು ಕ್ಷೇಮ. ಎರಡು, ಡಿಸ್ಕನ್ನು 'ಫೈನಲೈಸ್' ಮಾಡಬೇಕು. ಮಾಡದಿದ್ದರೆ ಬೇರೆ ಪ್ಲೇಯರ್ ಅದನ್ನು ಓದದೇ ಹೋಗಬಹುದು. ಡೇಟಾ ಸಿಡಿ ಹಾಕಿದಾಗ ವಿಂಡೋಸ್ ಎರಡು ಆಯ್ಕೆ ಕೇಳುತ್ತದೆ. ಪೆನ್‌ಡ್ರೈವ್ ಹಾಗೆ ಬಳಸುವುದನ್ನು ಬಿಟ್ಟು, ಸಿಡಿ ಪ್ಲೇಯರಿಗೆ ಎಂದಿರುವುದನ್ನು ಒತ್ತಿ. ಮೂರು, 'ವೆರಿಫೈ'. ಬರೆದದ್ದು ಸರಿಯಿದೆಯೇ ಎಂದು ತಾಳೆ ನೋಡುವ ಕೆಲಸ ಇದು. ಆಡಿಯೋ ಸಿಡಿಯನ್ನು ನಾವೇ ಕೂತು ಕೊನೆಯ ತನಕ ಕೇಳಬೇಕು.

ಸಿಡಿಯೂ ಶಾಶ್ವತ ಅಲ್ಲ. ಬಿಸಿಲು, ಸೆಕೆ, ಗೀರು ಅದಕ್ಕೆ ಆಗಿಬರುವುದಿಲ್ಲ. ಎರಡು ಪ್ರತಿ ಮಾಡಿ ಒಂದನ್ನು ತಮ್ಮನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಡೋಣ, ಕಂಪ್ಯೂಟರಿನ ಫೈಲನ್ನೂ ಅಳಿಸದಿರೋಣ. ಮೇಲೆ ಯಾರ ಸ್ವರ, ಯಾವ ವರ್ಷ ಎಂದು ಸಿಡಿ ಮಾರ್ಕರಿನಲ್ಲಿ ಬರೆಯಿರಿ. ಆ ಸ್ವರ ಯಾರದ್ದೆಂದು ಗುರುತು ಹೇಳುವವರು ಇಂದು ಮನೆಯಲ್ಲಿದ್ದಾರೆ, ಅವರನ್ನು ಈ ವಾರವೇ ಕೇಳಿ ಬರೆದುಕೊಳ್ಳೋಣ.