ಧ್ವಜದಿನದ ಹಣ ಹೋಗುವ ದಾರಿ

ಪ್ರತಿವರ್ಷ ಡಿಸೆಂಬರ್ 7ರಂದು ನಾಡಿನ ಶಾಲೆ, ಕಚೇರಿಗಳಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಕಾಗದದ ಧ್ವಜವೊಂದು ಕೈಯಿಂದ ಕೈಗೆ ಸಾಗುತ್ತದೆ. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಸಂಕೇತವಾದ ಅದನ್ನು ಅಂಗಿಗೆ ಸಿಕ್ಕಿಸಿಕೊಂಡು, ಯಥಾಶಕ್ತಿ ಕಾಣಿಕೆಯನ್ನು ಪೆಟ್ಟಿಗೆಗೆ ಹಾಕಿ, ಕರ್ತವ್ಯ ಮುಗಿಯಿತೆಂಬ ಸಮಾಧಾನದಿಂದ ನಾವು ನಮ್ಮ ನಮ್ಮ ಕೆಲಸಗಳಿಗೆ ಮರಳುತ್ತೇವೆ. ಸುರಪುರ ಸೀಮೆಯ ಕಕ್ಕೇರಾದ ರೈತನೊಬ್ಬ ಜಾತ್ರೆಯ ದಾಸೋಹಕ್ಕೆ ಒಂದು ಚೀಲ ಜೋಳ ಕೊಟ್ಟರೆ, ಅದು ರೊಟ್ಟಿಯಾಗಿ ಪಂಕ್ತಿಯಲ್ಲಿ ಕುಳಿತವರ ಎಲೆಗೆ ಬೀಳುವುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಆದರೆ ಅದೇ ಊರಿನ ಶಾಲೆಯಲ್ಲಿ ಅವನ ಮಗ ಧ್ವಜನಿಧಿಗೆ ಕೊಟ್ಟ ಹತ್ತು ರೂಪಾಯಿ ಯಾರ ಮನೆಯನ್ನು ಸೇರಿತೆಂಬುದು ಅವನಿಗೆ ತಿಳಿಯದು. ತಿಳಿಯಬೇಕೆಂದು ಬಯಸುವುದನ್ನು ಸಂಶಯಬುದ್ಧಿಯೆಂದು ಭಾವಿಸುವವರುಂಟು. ವಸ್ತುತಃ ಕೊಡುವುದು ಎಷ್ಟರಮಟ್ಟಿಗೆ ಪ್ರಜಾಧರ್ಮವೋ, ಕೊಟ್ಟದ್ದರ ಲೆಕ್ಕ ಕೇಳುವುದೂ ಅಷ್ಟೇ ಮಟ್ಟಿಗೆ ಪ್ರಜಾಧರ್ಮ.

ಯೋಧನನ್ನೂ ಅವನ ಮನೆಯವರನ್ನೂ ಸಮಾಜವು ಪೊರೆಯಬೇಕೆಂಬ ಭಾವನೆ ಕನ್ನಡ ನಾಡಿಗೆ ಹೊಸದಲ್ಲ. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಗಣಿಸುವ ಹಲ್ಮಿಡಿ ಶಾಸನವು, ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಬಾಳ್ಗಳ್ಚೆಂಬ ವೀರಗೌರವದ ಕೊಡುಗೆಯಾಗಿ ಗ್ರಾಮಗಳನ್ನು ಬಿಟ್ಟುಕೊಟ್ಟ ಸಂಗತಿಯನ್ನು ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ, ಹೋರಾಡಿ ಮಡಿದವನ ಕುಟುಂಬಕ್ಕೆ ನೆತ್ತರುಗೊಡಗೆಯೆಂದು ಭೂಮಿ ಕೊಟ್ಟ ವಿವರ ಅನೇಕ ವೀರಗಲ್ಲುಗಳಲ್ಲಿ ಕಾಣಸಿಗುತ್ತದೆ. ಕೊಟ್ಟವರಾರು, ಪಡೆದವರಾರು, ಕೊಟ್ಟದ್ದೇನು, ಅದನ್ನು ಅಪಹರಿಸಿದವನಿಗೆ ತಟ್ಟುವ ಪಾಪವೇನು ಎಂಬುದನ್ನು ಊರವರೆಲ್ಲರ ಎದುರಿಗೆ ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸುವ ಆ ಪದ್ಧತಿ, ಕೃತಜ್ಞತೆಯನ್ನೂ ಲೆಕ್ಕಪತ್ರವನ್ನೂ ಒಂದೇ ಶಿಲೆಯಲ್ಲಿ ಕೂಡಿಸಿತ್ತು.

ಸ್ವತಂತ್ರ ಭಾರತದಲ್ಲಿ ಈ ಹೊಣೆಗೆ ಸಾರ್ವಜನಿಕರನ್ನು ಭಾಗಿಗಳನ್ನಾಗಿ ಮಾಡಬೇಕೆಂದು 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಅಧೀನದ ಸಮಿತಿಯೊಂದು ನಿಶ್ಚಯಿಸಿ, ಆ ವರ್ಷದ ಡಿಸೆಂಬರ್ 7ರಿಂದ ಧ್ವಜದಿನದ ಆಚರಣೆಗೆ ನಾಂದಿ ಹಾಡಿತು. ಬೇರೆ ಬೇರೆ ಹೆಸರುಗಳಿಂದ ನಡೆದುಬಂದ ಹಲವು ನಿಧಿಗಳನ್ನು 1993ರಲ್ಲಿ ಕೂಡಿಸಿ ‘ಸಶಸ್ತ್ರ ಪಡೆಗಳ ಧ್ವಜದಿನ ನಿಧಿ’ಯೆಂಬ ಒಂದೇ ನಿಧಿಯನ್ನಾಗಿ ಮಾಡಲಾಯಿತು. ರಕ್ಷಣಾ ಸಚಿವರ ಅಧ್ಯಕ್ಷತೆಯ ಸಮಿತಿ ಅದರ ಮೇಲ್ವಿಚಾರಣೆ ನಡೆಸುತ್ತದೆ. ಕಾರ್ಯಭಾರವನ್ನು ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ ಹೊತ್ತಿದೆ. ರಾಜ್ಯ ಮತ್ತು ಜಿಲ್ಲಾ ಸೈನಿಕ ಮಂಡಳಿಗಳು ಅದರ ಕೈಕಾಲುಗಳು.

ಯುದ್ಧದಲ್ಲಿ ಮಡಿದವನ ಪತ್ನಿಗೆ ಸರ್ಕಾರವೇ ಪಿಂಚಣಿ, ಪರಿಹಾರಗಳನ್ನು ಕೊಡುವಾಗ ಜನರ ಕಾಣಿಕೆ ಮತ್ತೇಕೆಂದು ಕೇಳಬಹುದು. ಕಾನೂನಿನ ಹಕ್ಕು ಎಲ್ಲಿ ಮುಗಿಯುವುದೋ ಅಲ್ಲಿಂದ ನಿಧಿಯ ಕೆಲಸ ಮೊದಲಾಗುತ್ತದೆ. ಸಾಮಾನ್ಯ ಸಿಪಾಯಿಗೆ ಸೇವಾ ಪಿಂಚಣಿ ದೊರೆಯಬೇಕಾದರೆ ಹದಿನೈದು ವರ್ಷಗಳ ಸೇವೆ ಸಂದಿರಬೇಕು. ಮನೆಯ ತಾಪತ್ರಯದಿಂದಲೋ ಮತ್ತಾವ ಕಾರಣದಿಂದಲೋ ಅದಕ್ಕೆ ಮುಂಚೆಯೇ ಸೈನ್ಯ ಬಿಟ್ಟು ಬಂದವನು, ಗಡಿಯಲ್ಲಿ ಹಿಮವನ್ನೂ ಗುಂಡನ್ನೂ ಕಂಡವನೇ ಆಗಿದ್ದರೂ, ಮುಪ್ಪಿನಲ್ಲಿ ಪಿಂಚಣಿಯಿಲ್ಲದೆ ಉಳಿಯುತ್ತಾನೆ. ಅವನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಅವನ ಮನೆಗೆ ಮಂತ್ರಿಗಳು ಬರುವುದಿಲ್ಲ. ಧ್ವಜನಿಧಿಯ ಹಣದ ಬಹುಮುಖ್ಯ ಪಾತ್ರರು ಇಂಥವರು.

ಹವಾಲ್ದಾರ್ ದರ್ಜೆಯವರೆಗಿನ, ಅರವತ್ತೈದು ವರ್ಷ ಮೀರಿದ, ಪಿಂಚಣಿಯೂ ನಿಯತ ಆದಾಯವೂ ಇಲ್ಲದ ಮಾಜಿ ಸೈನಿಕನಿಗೆ ಅಥವಾ ಅವನ ವಿಧವೆಗೆ ತಿಂಗಳಿಗೆ 4,000 ರೂಪಾಯಿಯಂತೆ ಸಲ್ಲುತ್ತಿದ್ದ ಬಡತನದ ಸಹಾಯಧನವನ್ನು 2025ರ ನವೆಂಬರ್ 1ರಿಂದ 8,000 ರೂಪಾಯಿಗೆ ಏರಿಸಲಾಗಿದೆ. ಇಬ್ಬರು ಮಕ್ಕಳವರೆಗೆ, ಒಂದನೆಯ ತರಗತಿಯಿಂದ ಪದವಿಯವರೆಗೆ, ತಲಾ ತಿಂಗಳಿಗೆ 1,000 ರೂಪಾಯಿ ಇದ್ದ ಶಿಕ್ಷಣದ ನೆರವು 2,000 ಆಗಿದೆ. ಇಬ್ಬರು ಹೆಣ್ಣುಮಕ್ಕಳ ಮದುವೆಗೂ ವಿಧವೆಯ ಮರುವಿವಾಹಕ್ಕೂ ಕೊಡುವ ಮೊತ್ತ 50,000ದಿಂದ ಒಂದು ಲಕ್ಷಕ್ಕೆ ಏರಿದೆ. ಈ ಪರಿಷ್ಕರಣದಿಂದ ವರ್ಷಕ್ಕೆ ಸುಮಾರು 257 ಕೋಟಿ ರೂಪಾಯಿಗಳ ಭಾರ ಬೀಳುವುದೆಂದೂ ಅದನ್ನು ಧ್ವಜನಿಧಿಯಿಂದಲೇ ಭರಿಸುವುದೆಂದೂ ರಕ್ಷಣಾ ಸಚಿವಾಲಯ ತಿಳಿಸಿತು. ಇವಲ್ಲದೆ, ಬೆನ್ನುಹುರಿಗೆ ಪೆಟ್ಟು ಬಿದ್ದು ನಡೆಯಲಾರದಾದ ಯೋಧರನ್ನು ನೋಡಿಕೊಳ್ಳುವ ಪುಣೆ ಬಳಿಯ ಖಡಕಿ ಮತ್ತು ಪಂಜಾಬಿನ ಮೊಹಾಲಿಯ ಪುನರ್ವಸತಿ ಕೇಂದ್ರಗಳಂಥ ಸಂಸ್ಥೆಗಳಿಗೂ ಈ ನಿಧಿಯ ಅನುದಾನ ಹೋಗುತ್ತದೆ.

ಸಂಗ್ರಹವಾದ ಹಣವನ್ನು ಅದೇ ವರ್ಷ ಏಕೆ ಹಂಚಿಬಿಡಬಾರದೆಂಬ ಪ್ರಶ್ನೆ ಸಹಜ. ಇಂಥ ನಿಧಿಗಳು ಮೂಲಧನವನ್ನು ಹೂಡಿಕೆಯಲ್ಲಿಟ್ಟು ಅದರ ಬಡ್ಡಿಯಿಂದ ನೆರವು ನೀಡುವುದೇ ವಾಡಿಕೆ. ಏಕೆಂದರೆ ವೃದ್ಧನೊಬ್ಬನಿಗೆ ಜೀವಾವಧಿ ಕೊಡುವೆವೆಂದು ಮಾತುಕೊಟ್ಟ ಮೇಲೆ, ಮುಂದಿನ ವರ್ಷ ಪೆಟ್ಟಿಗೆ ತುಂಬಲಿಲ್ಲವೆಂದು ಕೈಬಿಡಲಾಗದು. ತಿಂಗಳಿಗೆ 8,000 ಎಂದರೆ ವರ್ಷಕ್ಕೆ 96,000 ರೂಪಾಯಿ. ನೂರಕ್ಕೆ ಏಳರ ಬಡ್ಡಿಯಲ್ಲಿ ಇಷ್ಟು ಹುಟ್ಟಬೇಕಾದರೆ ಹದಿಮೂರು ಮುಕ್ಕಾಲು ಲಕ್ಷದಷ್ಟು ಮೂಲಧನ ಬೇಕು. ಒಬ್ಬ ಮುದುಕನ ಜೀವನಾಧಾರಕ್ಕಾಗಿ ಹತ್ತು ರೂಪಾಯಿಯ ಎಷ್ಟು ಕಾಣಿಕೆಗಳು ಒಟ್ಟುಗೂಡಬೇಕೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ದಾನದ ಹಣದಲ್ಲಿ ಎಷ್ಟಂಶ ಆಡಳಿತಕ್ಕೆ ಹೋಗಬಹುದೆಂಬುದು ಜಗತ್ತಿನೆಲ್ಲೆಡೆ ಇರುವ ವಿವಾದ. ಅಮೆರಿಕೆಯಲ್ಲಿ ಗಾಯಾಳು ಯೋಧರಿಗಾಗಿ ನೂರಾರು ಮಿಲಿಯ ಡಾಲರ್ ಸಂಗ್ರಹಿಸುತ್ತಿದ್ದ ‘ವೂಂಡೆಡ್ ವಾರಿಯರ್ ಪ್ರಾಜೆಕ್ಟ್’ ಎಂಬ ಸಂಸ್ಥೆಯು ಸಮ್ಮೇಳನ, ಪ್ರಯಾಣಗಳಿಗೆ ದುಂದು ಮಾಡಿತೆಂಬ ವರದಿಗಳು 2016ರ ಜನವರಿಯಲ್ಲಿ ಪ್ರಕಟವಾದವು; ಮಾರ್ಚ್‌ನಲ್ಲಿ ಅದರ ಆಡಳಿತ ಮಂಡಳಿ ಇಬ್ಬರು ಅತ್ಯುನ್ನತ ಅಧಿಕಾರಿಗಳನ್ನು ಕೆಲಸದಿಂದ ತೆಗೆಯಿತು; ಆದರೆ ಆರೋಪಗಳಲ್ಲಿ ಕೆಲವು ನಿಜವಲ್ಲವೆಂದೂ ಮಂಡಳಿ ಹೇಳಿತು. ಶೇಕಡ ಎಂಬತ್ತರಷ್ಟು ಹಣ ಯೋಧರ ಕಾರ್ಯಕ್ರಮಗಳಿಗೇ ಹೋಗುತ್ತದೆಂದು ಸಂಸ್ಥೆ ಹೇಳಿದರೆ, ಸುಮಾರು ಅರವತ್ತು ಮಾತ್ರವೆಂದು ಟೀಕಾಕಾರರು ಹೇಳಿದರು. ಚಂದಾ ಕೇಳುವ ಪತ್ರದಲ್ಲೇ ಯೋಧರ ಕಷ್ಟದ ಬಗ್ಗೆ ನಾಲ್ಕು ಮಾತು ಅಚ್ಚಾಗಿದ್ದರೆ, ಆ ಪತ್ರದ ವೆಚ್ಚದ ಒಂದು ಭಾಗವನ್ನು ‘ಜನಜಾಗೃತಿ’ಯ ಲೆಕ್ಕಕ್ಕೆ ಬರೆಯಲು ಅಲ್ಲಿಯ ಲೆಕ್ಕಶಾಸ್ತ್ರದಲ್ಲಿ ಅವಕಾಶವುಂಟು, ಅಂತರ ಹುಟ್ಟುವುದು ಇಂಥ ಕಡೆ.

ಹಾಗೆಂದು ಆಡಳಿತವೆಚ್ಚವೆಲ್ಲ ವ್ಯರ್ಥವೆಂದು ತೀರ್ಮಾನಿಸುವುದೂ ಸಲ್ಲದು. ನಮ್ಮ ಧ್ವಜನಿಧಿಯ ನೆರವಿಗೆ ಈಗ ಅರ್ಜಿಯನ್ನು ಆನ್‌ಲೈನ್ ಮೂಲಕ ಹಾಕಬೇಕು. ಸೈನ್ಯದಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನ ಪ್ರತಿ ಬೇಕು. ಜಿಲ್ಲಾ ಸೈನಿಕ ಮಂಡಳಿ ಪರಿಶೀಲಿಸಿ ಶಿಫಾರಸು ಮಾಡಬೇಕು. ಆಮೇಲೆ ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ನಡುವಿನವರ ಕೈಗೆ ಸಿಕ್ಕದಂತೆ ಮಾಡಿದ ಈ ವ್ಯವಸ್ಥೆ ಶ್ಲಾಘ್ಯವೇ. ಆದರೆ ಹೆಬ್ಬೆಟ್ಟೊತ್ತುವ ಮುದುಕಿಯೊಬ್ಬಳು ಜಿಲ್ಲೆಯ ಒಂದು ಮೂಲೆಯಲ್ಲಿರುವ ಕಕ್ಕೇರಾದಿಂದ ಇದನ್ನೆಲ್ಲ ಮಾಡಿಸಿಕೊಳ್ಳುವುದು ಸುಲಭವಲ್ಲ. ಅವಳ ಪಕ್ಕದಲ್ಲಿ ಕುಳಿತು ಅರ್ಜಿ ತುಂಬುವವನ ಸಂಬಳವೂ ಲೆಕ್ಕದಲ್ಲಿ ಆಡಳಿತವೆಚ್ಚವೆಂದೇ ಬೀಳುತ್ತದೆ. ಅಂಥ ವೆಚ್ಚವನ್ನು ಉಳಿಸಿದ ಸಂಸ್ಥೆಯ ಶೇಕಡಾವಾರು ಸುಂದರವಾಗಿ ಕಂಡರೂ ನೆರವು ಅರ್ಹರನ್ನು ಮುಟ್ಟದೆ ಹೋದೀತು.

ಇದಕ್ಕಿಂತ ಆಳವಾದ ದೋಷ ದಾನಿಗಳಾದ ನಮ್ಮಲ್ಲೇ ಇದೆ. 2019ರ ಫೆಬ್ರವರಿ 14ರ ಪುಲ್ವಾಮಾ ದಾಳಿಯಂಥ ದುರಂತದ ವಾರ್ತೆ ಬಂದೊಡನೆ ನಮ್ಮ ಮನಸ್ಸು ಕರಗುತ್ತದೆ. ಸುದ್ದಿ ತಣ್ಣಗಾದೊಡನೆ ಕೈಯೂ ತಣ್ಣಗಾಗುತ್ತದೆ. ಚಿತ್ರ ಅಚ್ಚಾದ ಮನೆಗೆ ಪ್ರವಾಹದಂತೆ ಹಣ ಹರಿದರೆ, ಅಚ್ಚಾಗದ ಮನೆಗೆ ಹನಿಯೂ ಸಿಕ್ಕದೆ ಹೋಗಬಹುದು. ಸಿಆರ್‌ಪಿಎಫ್ ಮೊದಲಾದ ಕೇಂದ್ರೀಯ ಪೊಲೀಸ್ ಪಡೆಗಳ ಹುತಾತ್ಮರ ಕುಟುಂಬಗಳಿಗಾಗಿ 2017ರ ಏಪ್ರಿಲ್‌ನಲ್ಲಿ ಗೃಹ ಸಚಿವಾಲಯ ಆರಂಭಿಸಿದ ‘ಭಾರತ್ ಕೆ ವೀರ್’ ವ್ಯವಸ್ಥೆ ಇದಕ್ಕೊಂದು ವಿವೇಕದ ಪರಿಹಾರ ಕಂಡುಕೊಂಡಿತು: ಒಬ್ಬ ಯೋಧನ ಹೆಸರಿನ ಖಾತೆಗೆ ದಾನವಾಗಿ ಸಲ್ಲುವ ಮೊತ್ತಕ್ಕೆ 15 ಲಕ್ಷ ರೂಪಾಯಿಗಳ ಮಿತಿ, ಅದು ತುಂಬಿದ ಮೇಲೆ ದಾನಿಯು ಬೇರೊಬ್ಬನ ಖಾತೆಯನ್ನೋ ಸಾಮಾನ್ಯ ನಿಧಿಯನ್ನೋ ಆರಿಸಿಕೊಳ್ಳಬೇಕು.

ಭಾವೋದ್ರೇಕದ ಈ ವೇಳೆಗಳೇ ವಂಚಕರಿಗೂ ಸುಗ್ಗಿ. ಸೈನ್ಯದ ಆಧುನೀಕರಣಕ್ಕೂ ಗಾಯಗೊಂಡ ಹಾಗೂ ಮಡಿದ ಯೋಧರಿಗೂ ಎಂದು ಬ್ಯಾಂಕ್ ಖಾತೆಯೊಂದರ ವಿವರದೊಡನೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ಸಂದೇಶವು ಜನರನ್ನು ದಾರಿತಪ್ಪಿಸುವಂಥದೆಂದೂ ಅದರಲ್ಲಿನ ಖಾತೆಯ ವಿವರ ತಪ್ಪೆಂದೂ 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವಾಲಯವೇ ಸಾರಬೇಕಾಯಿತು. ಆದುದರಿಂದ ಕೊಡುವ ಮುನ್ನ ನಿಧಿಯನ್ನು ನಡೆಸುವವರಾರೆಂದು ವಿಚಾರಿಸತಕ್ಕದ್ದು. ಆದಾಯ ತೆರಿಗೆಯ ವಿನಾಯಿತಿಯುಳ್ಳ ರಸೀದಿಯನ್ನು ಕೇಳತಕ್ಕದ್ದು. ಖಾಸಗಿ ಟ್ರಸ್ಟ್ ಆಗಿದ್ದರೆ ಲೆಕ್ಕಪರಿಶೋಧನೆಯಾದ ವಾರ್ಷಿಕ ವರದಿಯನ್ನು ತರಿಸಿ, ಎಷ್ಟು ಕುಟುಂಬಗಳಿಗೆ ಏನು ಸಂದಿತೆಂಬುದನ್ನು ನೋಡತಕ್ಕದ್ದು. ತೋರಿಸಲು ಹಿಂಜರಿಯುವ ಸಂಸ್ಥೆಗೆ ಕೊಡದಿರುವುದೇ ಲೇಸು.

ಹಣವೊಂದೇ ದಾನವಲ್ಲವೆಂಬ ಮಾತನ್ನೂ ಇಲ್ಲಿ ಸೇರಿಸಬೇಕು. ಕಕ್ಕೇರಾದಲ್ಲಾಗಲಿ, ಸುತ್ತಣ ಹಳ್ಳಿಗಳಲ್ಲಾಗಲಿ, ಅರವತ್ತೈದು ದಾಟಿದ, ಪಿಂಚಣಿಯಿಲ್ಲದ ಮಾಜಿ ಸೈನಿಕನೋ ಅವನ ವಿಧವೆಯೋ ನಿಮ್ಮ ಅರಿವಿನಲ್ಲಿದ್ದರೆ, ಅವರ ಡಿಸ್ಚಾರ್ಜ್ ಬುಕ್ ಎಲ್ಲಿದೆಯೆಂದು ವಿಚಾರಿಸಿರಿ. ಆನ್‌ಲೈನ್ ಅರ್ಜಿಯನ್ನು ತುಂಬಿಸಿಕೊಡಿರಿ. ಜಿಲ್ಲಾ ಸೈನಿಕ ಮಂಡಳಿಯ ಶಿಫಾರಸು ಆಗುವವರೆಗೆ ಅವರ ಜೊತೆಗಿರಿ. ತಿಂಗಳಿಗೆ ಎಂಟು ಸಾವಿರ ರೂಪಾಯಿಯನ್ನು ಅವರ ಮನೆಗೆ ತಲುಪಿಸುವ ಈ ಒಂದು ಉಪಕಾರಕ್ಕೆ ನಿಮ್ಮ ಕೈಯಿಂದ ತಗಲುವ ಖರ್ಚು ಬಸ್ಸಿನ ಟಿಕೇಟು ಮಾತ್ರ.